ಕೆರೆಯಂಗಳದಲ್ಲಿ ಪರಿಸರ ಪಾಠ: ಹದಿಹರೆಯದವರಿಗೊಂದು ಬೇಸಿಗೆ ಅಧ್ಯಯನ

ಕರ್ನಾಟಕದ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಬೇಸಿಗೆ ರಜೆ ಆರಂಭವಾಗಿ ಮೇ ತಿಂಗಳ ಕೊನೆಯವರೆಗೆ ಮುಂದುವರಿಯುತ್ತದೆ. ಈ ಆರೇಳು ವಾರಗಳಲ್ಲಿ ನಡೆಯುವ ಚಿತ್ರಕಲೆ, ರಂಗಭೂಮಿ, ಈಜು ಮುಂತಾದ ಶಿಬಿರಗಳ ಸಾಲಿಗೆ ಪ್ರಕೃತಿ ಶಿಬಿರಗಳೂ ಸೇರಿವೆ. ಆದರೆ ಪ್ರಕೃತಿಯ ಹೆಸರಿನಲ್ಲಿ ನಡೆಯುವ ಶಿಬಿರಗಳಲ್ಲಿ ಹಲವು ಪ್ರವಾಸದ ಸ್ವರೂಪದವು. ಮಕ್ಕಳನ್ನು ಕಾಡಂಚಿಗೆ ಕರೆದೊಯ್ದು, ಕಂಡಷ್ಟು ಪ್ರಾಣಿಪಕ್ಷಿಗಳನ್ನು ತೋರಿಸಿ, ಒಂದು ಉಪನ್ಯಾಸ ಕೇಳಿಸಿ, ಒಂದು ಸಸಿ ನೆಡಿಸಿ ಮನೆಗೆ ಮರಳಿಸುವಲ್ಲಿಗೆ ಅವು ಮುಗಿಯುತ್ತವೆ. ಇಂತಹ ಭೇಟಿಗಳಿಂದ ಮಕ್ಕಳಿಗೆ ಸಂತೋಷವೂ ಕುತೂಹಲವೂ ಹುಟ್ಟುತ್ತವೆ, ಅದು ಸಣ್ಣ ಲಾಭವಲ್ಲ. ಆದರೂ ಭೇಟಿಯು ಅಧ್ಯಯನವಾಗಬೇಕಾದರೆ ಮೂರು ಅಂಶಗಳು ಕೂಡಿಬರಬೇಕು: ನಿರ್ದಿಷ್ಟ ಸ್ಥಳವೊಂದನ್ನು ಕುರಿತ ಪ್ರಶ್ನೆ, ಅದಕ್ಕೆ ಉತ್ತರ ಹುಡುಕುವ ಅಳತೆಯ ಕ್ರಮ, ಮತ್ತು ಮುಂದಿನ ವರ್ಷ ಅದೇ ಸ್ಥಳಕ್ಕೆ ಬರುವವರು ಓದಿ ಮುಂದುವರಿಸಬಹುದಾದ ದಾಖಲೆ. ಹನ್ನೆರಡರಿಂದ ಹದಿನೈದು ವರ್ಷದ ಮಕ್ಕಳಿಗೆ ಈ ಮೂರನ್ನೂ ಅವರದೇ ಊರಿನ ಕೆರೆ, ಗುಂಡುತೋಪು, ಗೋಮಾಳಗಳಲ್ಲಿ, ಅದೂ ಬೇಸಿಗೆಯಲ್ಲಿಯೇ ಕಲಿಸಲು ಸಾಧ್ಯವಿದೆ. ದೂರದ ಅಭಯಾರಣ್ಯವಾಗಲಿ ದುಬಾರಿ ಉಪಕರಣಗಳಾಗಲಿ ಅದಕ್ಕೆ ಅನಿವಾರ್ಯವಲ್ಲ.

ಒಂದೂವರೆ ಶತಮಾನದ ಹಿನ್ನೆಲೆ

ರಜೆಯ ದಿನಗಳಲ್ಲಿ ಹೊರಾಂಗಣದಲ್ಲಿ ಜೀವಿಗಳನ್ನು ಅಧ್ಯಯನ ಮಾಡುವ ಕ್ರಮಕ್ಕೆ ದೀರ್ಘ ಇತಿಹಾಸವಿದೆ. ಜೀವವಿಜ್ಞಾನಿ ಲೂಯಿ ಅಗಾಸಿಝ್ ಅವರು 1873ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯ ಪೆನಿಕೀಸ್ ಎಂಬ ಪುಟ್ಟ ದ್ವೀಪದಲ್ಲಿ ಶಿಕ್ಷಕ ಶಿಕ್ಷಕಿಯರಿಗಾಗಿ ಬೇಸಿಗೆ ಶಾಲೆಯೊಂದನ್ನು ತೆರೆದು, ಪುಸ್ತಕದ ವಿವರಣೆಗಿಂತ ಮೊದಲು ಜೀವಿಯನ್ನೇ ದಿಟ್ಟಿಸಿ ನೋಡುವುದನ್ನು ಪಾಠದ ಆರಂಭವನ್ನಾಗಿಸಿದರು. ಬ್ರಿಟನ್ನಿನಲ್ಲಿ ಎರಡನೆಯ ಮಹಾಯುದ್ಧ ಇನ್ನೂ ನಡೆಯುತ್ತಿದ್ದ 1943ರಲ್ಲಿ ಸ್ಥಾಪನೆಗೊಂಡ ಫೀಲ್ಡ್ ಸ್ಟಡೀಸ್ ಕೌನ್ಸಿಲ್ ಎಂಬ ಸಂಸ್ಥೆಯು 1946ರಲ್ಲಿ ಫ್ಲ್ಯಾಟ್‌ಫರ್ಡ್ ಮಿಲ್ಲಿನಲ್ಲಿ ತನ್ನ ಮೊದಲ ಕೇಂದ್ರವನ್ನು ತೆರೆದು, ವಿದ್ಯಾರ್ಥಿಗಳು ಕೆಲವು ದಿನ ತಂಗಿ ಸುತ್ತಲಿನ ನೆಲ, ನೀರು, ಸಸ್ಯಗಳನ್ನು ಅಳೆದು ಕಲಿಯುವ ವ್ಯವಸ್ಥೆಗೆ ನಾಂದಿ ಹಾಡಿತು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿರುವ ಲಾರೆನ್ಸ್ ಹಾಲ್ ಆಫ್ ಸೈನ್ಸ್ ಸಂಸ್ಥೆಯು ಹತ್ತರಿಂದ ಹದಿನೈದು ವರ್ಷದವರನ್ನೇ ಗುರಿಯಾಗಿಟ್ಟುಕೊಂಡು ಹೊರಾಂಗಣ ಜೀವವಿಜ್ಞಾನದ ಚಟುವಟಿಕೆಗಳನ್ನು ರೂಪಿಸಿತು. ಶಾಲೆಯ ಹುಲ್ಲುಗಾವಲು, ಹಳ್ಳ, ಊರಿನ ಖಾಲಿ ನಿವೇಶನಗಳೂ ಅಧ್ಯಯನಕ್ಕೆ ಯೋಗ್ಯ ಎಂಬ ನಿಲುವು ಅದರ ವೈಶಿಷ್ಟ್ಯವಾಗಿತ್ತು.

ಪರಿಸರ ಶಿಕ್ಷಣಕ್ಕೆ ಜಾಗತಿಕ ಒಪ್ಪಿಗೆ ದೊರೆತದ್ದು 1977ರ ಅಕ್ಟೋಬರಿನಲ್ಲಿ, ಜಾರ್ಜಿಯಾದ ಟಿಬಿಲಿಸಿ ನಗರದಲ್ಲಿ ಯುನೆಸ್ಕೋ ಮತ್ತು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಸಂಸ್ಥೆಗಳು ಸೇರಿ ನಡೆಸಿದ ಸಮ್ಮೇಳನದಲ್ಲಿ. ಅರಿವು, ಜ್ಞಾನ, ಮನೋಭಾವ, ಕೌಶಲ, ಪಾಲ್ಗೊಳ್ಳುವಿಕೆ ಎಂಬ ಐದು ಗುರಿಗಳನ್ನು ಅದು ಹೆಸರಿಸಿತು. ಭಾರತದಲ್ಲಿ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ನೀಡಿದ ತೀರ್ಪು ಶಾಲಾ ಕಾಲೇಜುಗಳಲ್ಲಿ ಪರಿಸರವನ್ನು ಕಡ್ಡಾಯ ವಿಷಯವಾಗಿಸಬೇಕೆಂದು ಹೇಳಿತು. 2003ರಲ್ಲಿ ಅದರ ಅನುಷ್ಠಾನಕ್ಕಾಗಿ ಮಾದರಿ ಪಠ್ಯಕ್ರಮ ರೂಪಿಸುವ ಹೊಣೆ ಎನ್‌ಸಿಇಆರ್‌ಟಿಗೆ ಬಂತು. ಕೇಂದ್ರ ಪರಿಸರ ಸಚಿವಾಲಯವು 2001ರಲ್ಲಿ ಆರಂಭಿಸಿದ ರಾಷ್ಟ್ರೀಯ ಹಸಿರು ಪಡೆಯ ಮೂಲಕ ಶಾಲೆಗಳಲ್ಲಿ ಇಕೋ ಕ್ಲಬ್‌ಗಳು ಹುಟ್ಟಿದವು. ಕರ್ನಾಟಕದ ಅರಣ್ಯ ಇಲಾಖೆಯು ಚಿಣ್ಣರ ವನ ದರ್ಶನ ಎಂಬ ಕಾರ್ಯಕ್ರಮದ ಮೂಲಕ ಸರ್ಕಾರಿ ಶಾಲೆಗಳ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತಿದೆ. ಕನ್ನಡದ ಮಟ್ಟಿಗೆ ಈ ಚಿಂತನೆ ನ್ಯಾಯಾಲಯದ ಆದೇಶಕ್ಕಿಂತ ಬಹಳ ಹಳೆಯದು. ಶಿವರಾಮ ಕಾರಂತರು 1930ರ ದಶಕದಲ್ಲಿಯೇ ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ಪೂರ್ಣಚಂದ್ರ ತೇಜಸ್ವಿಯವರ ಬರಹಗಳು ಸುತ್ತಲಿನ ಹಕ್ಕಿ, ಹುಳು, ಮೀನುಗಳನ್ನು ಗಮನಿಸುವ ಅಭ್ಯಾಸವನ್ನು ಮನೆಮನೆಗೆ ತಂದವು. ಹೀಗಿದ್ದೂ ಟಿಬಿಲಿಸಿಯ ಐದು ಗುರಿಗಳಲ್ಲಿ ಅರಿವು ಮತ್ತು ಜ್ಞಾನಗಳಿಗೆ ತರಗತಿಯಲ್ಲಿ ದೊರೆತ ಸ್ಥಾನ ಕೌಶಲ ಮತ್ತು ಪಾಲ್ಗೊಳ್ಳುವಿಕೆಗಳಿಗೆ ದೊರೆತಿಲ್ಲ. ಆ ಎರಡನ್ನೂ ತುಂಬಿಕೊಡಬಲ್ಲ ಅವಕಾಶ ಬೇಸಿಗೆ ರಜೆಯಲ್ಲಿದೆ.

ಈ ವಯಸ್ಸೇ ಏಕೆ?

ಮಕ್ಕಳ ಬೌದ್ಧಿಕ ಬೆಳವಣಿಗೆಯನ್ನು ಅಧ್ಯಯನ ಮಾಡಿದ ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಅವರ ಪ್ರಕಾರ, ಸುಮಾರು ಹನ್ನೊಂದು ಹನ್ನೆರಡನೆಯ ವಯಸ್ಸಿನಿಂದ ಮಕ್ಕಳು ಕಣ್ಣೆದುರಿನ ವಸ್ತುವನ್ನು ಮೀರಿ ಸಾಧ್ಯತೆಗಳನ್ನು ಕುರಿತು ಯೋಚಿಸಲು ಆರಂಭಿಸುತ್ತಾರೆ. 'ಹೀಗಿದ್ದರೆ ಹಾಗಾಗಬೇಕು' ಎಂಬ ಊಹೆಯನ್ನು ಮುಂದಿಟ್ಟು ಅದು ಸರಿಯೇ ಎಂದು ಪರೀಕ್ಷಿಸುವ ಶಕ್ತಿ ಅವರಲ್ಲಿ ಕ್ರಮೇಣ ಬಲಿಯುತ್ತದೆ. ಎಲ್ಲ ಮಕ್ಕಳೂ ಒಂದೇ ವಯಸ್ಸಿನಲ್ಲಿ ಈ ಘಟ್ಟವನ್ನು ತಲುಪುವುದಿಲ್ಲವೆಂದು ನಂತರದ ಸಂಶೋಧಕರು ಹೇಳಿದ್ದರೂ, ಏಳರಿಂದ ಒಂಬತ್ತನೆಯ ತರಗತಿಯ ನಡುವೆ ಈ ಬದಲಾವಣೆ ನಡೆಯುತ್ತಿರುತ್ತದೆ ಎಂಬುದು ಶಿಕ್ಷಕರ ಅನುಭವಕ್ಕೂ ಹೊಂದುತ್ತದೆ. ಸರಾಸರಿ, ಶೇಕಡಾವಾರು, ಅನುಪಾತ, ನಕ್ಷೆಗಳು ಗಣಿತದ ಪಾಠಗಳಲ್ಲಿ ಬರುವುದೂ ಇದೇ ವರ್ಷಗಳಲ್ಲಿ. ಪುಸ್ತಕದಲ್ಲಿ ಕೊಟ್ಟ ಅಂಕಿಗಳ ಸರಾಸರಿ ತೆಗೆಯುವುದಕ್ಕೂ ತಾವೇ ಎಣಿಸಿದ ಎಲೆಗಳ ಸರಾಸರಿ ತೆಗೆಯುವುದಕ್ಕೂ ಇರುವ ವ್ಯತ್ಯಾಸವನ್ನು ಮಕ್ಕಳು ಬೇಗ ಗ್ರಹಿಸುತ್ತಾರೆ, ಏಕೆಂದರೆ ಎರಡನೆಯದರಲ್ಲಿ ಉತ್ತರ ತಪ್ಪಾದರೆ ಮರದ ಬಳಿಗೆ ಮರಳಿ ಹೋಗಿ ಎಣಿಸಬೇಕಾಗುತ್ತದೆ.

ಇದಕ್ಕೆ ಸಾಮಾಜಿಕ ಕಾರಣವೂ ಇದೆ. ಹತ್ತನೆಯ ತರಗತಿಗೆ ಕಾಲಿಟ್ಟ ಮೇಲೆ ಪಬ್ಲಿಕ್ ಪರೀಕ್ಷೆಯ ಸಿದ್ಧತೆ ರಜೆಯನ್ನೂ ಆಕ್ರಮಿಸಿಕೊಳ್ಳುತ್ತದೆ. ಅನೇಕ ಊರುಗಳಲ್ಲಿ ಹುಡುಗಿಯರು ಬಯಲಿನಲ್ಲಿ ಸ್ವತಂತ್ರವಾಗಿ ಓಡಾಡುವ ಅವಕಾಶ ಈ ವಯಸ್ಸಿನಿಂದಲೇ ಕುಗ್ಗತೊಡಗುತ್ತದೆ. ಆದ್ದರಿಂದ ಶಿಕ್ಷಕಿಯರ ಜೊತೆಯಲ್ಲಿ, ಊರಿನವರ ಅರಿವಿನಲ್ಲಿ ನಡೆಯುವ ಅಧ್ಯಯನವು ಹುಡುಗಿಯರಿಗೆ ಊರಿನ ಕೆರೆ, ತೋಪುಗಳ ಮೇಲಿನ ಹಕ್ಕನ್ನು ಉಳಿಸಿಕೊಡುವ ಕೆಲಸವೂ ಆಗುತ್ತದೆ.

ಬೇಸಿಗೆ ತೆರೆದಿಡುವ ಪಠ್ಯ

ಬೇಸಿಗೆಯೆಂದರೆ ಎಲ್ಲವೂ ಒಣಗಿ ನಿಂತ ಕಾಲ, ಆದ್ದರಿಂದ ನೋಡಲು ಏನೂ ಇರುವುದಿಲ್ಲ ಎಂಬ ಭಾವನೆ ಸಾಮಾನ್ಯವಾಗಿದೆ. ದಕ್ಷಿಣ ಭಾರತದ ಎಲೆ ಉದುರುವ ಕಾಡುಗಳು ಮತ್ತು ಬಯಲುಸೀಮೆಯ ಮರಗಳು ಇದಕ್ಕೆ ವಿರುದ್ಧವಾದ ಸಾಕ್ಷ್ಯ ನುಡಿಯುತ್ತವೆ. ಮುತ್ತುಗ ಮತ್ತು ಬೂರುಗಗಳು ಬೇಸಿಗೆಯ ಮೊದಲ ದಿನಗಳಲ್ಲಿ ಎಲೆಯಿಲ್ಲದ ಕೊಂಬೆಗಳ ತುಂಬ ಹೂ ಬಿಡುತ್ತವೆ. ಬೇವು ಯುಗಾದಿಯ ಆಸುಪಾಸಿನಲ್ಲಿ, ಕಕ್ಕೆ ಏಪ್ರಿಲ್ ಮೇ ತಿಂಗಳುಗಳಲ್ಲಿ ಅರಳುತ್ತವೆ. ಹೊಂಗೆಯು ಹಳೆಯ ಎಲೆಗಳನ್ನೆಲ್ಲ ಉದುರಿಸಿ, ಮಳೆ ಬರುವುದಕ್ಕೆ ವಾರಗಟ್ಟಲೆ ಮೊದಲೇ ಹೊಳೆಯುವ ಚಿಗುರಿನಿಂದ ತುಂಬಿಕೊಳ್ಳುತ್ತದೆ. ನೀರು ಅತ್ಯಂತ ವಿರಳವಾಗಿರುವ ಹೊತ್ತಿನಲ್ಲಿ, ನೀರನ್ನು ಹೆಚ್ಚು ಬೇಡುವ ಎಳೆ ಎಲೆಗಳನ್ನು ಮರವು ಏಕೆ ಹೊರಡಿಸುತ್ತದೆ ಎಂಬುದು ಹದಿಮೂರರ ಮಕ್ಕಳೂ ಕೇಳಬಹುದಾದ, ವಿಜ್ಞಾನಿಗಳೂ ತಲೆಕೆಡಿಸಿಕೊಂಡಿರುವ ಪ್ರಶ್ನೆ. ಆಳಕ್ಕಿಳಿದ ಬೇರು ಮತ್ತು ಕಾಂಡದಲ್ಲಿ ಸಂಗ್ರಹವಾದ ನೀರು ಇದನ್ನು ಸಾಧ್ಯವಾಗಿಸುತ್ತವೆ. ಅದರಿಂದ ಮರಕ್ಕೆ ಸಿಗುವ ಲಾಭವೇನೆಂಬುದಕ್ಕೆ ನೀಲಗಿರಿಯ ತಪ್ಪಲಿನ ಮುದುಮಲೈ ಕಾಡಿನಲ್ಲಿ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನವೊಂದು ಉತ್ತರದ ಒಂದು ಭಾಗವನ್ನು ಕೊಟ್ಟಿದೆ: ಮಳೆಗೆ ಮುನ್ನವೇ ಚಿಗುರಿದ ಪ್ರಭೇದಗಳ ಎಲೆಗಳಿಗೆ ಕೀಟಗಳಿಂದಾದ ಹಾನಿ, ಮಳೆ ಬಂದ ಮೇಲೆ ಚಿಗುರಿದವುಗಳಿಗೆ ಆದ ಹಾನಿಗಿಂತ ಕಡಿಮೆಯಾಗಿತ್ತು. ಅಂದರೆ ಎಲೆ ತಿನ್ನುವ ಹುಳುಗಳು ಮಳೆಯೊಂದಿಗೆ ಹೆಚ್ಚುವುದಕ್ಕೆ ಮೊದಲೇ ಎಲೆಗಳು ಬಲಿತು ಗಟ್ಟಿಯಾಗಿರುತ್ತವೆ.

ಈ ಊಹೆಯನ್ನು ಊರಿನ ಹೊಂಗೆ ಮರದಲ್ಲಿಯೂ ಪರೀಕ್ಷಿಸಬಹುದು. ಹೊಂಗೆಯ ಎಲೆಗಳ ಮೇಲೆ ಕಾಣುವ ಸಣ್ಣ ಗಂಟುಗಳು, ಬಿಳಿಯ ಮಚ್ಚೆಗಳು, ಕಚ್ಚಿ ತಿಂದ ಅಂಚುಗಳು ಬೇರೆ ಬೇರೆ ಜೀವಿಗಳು ಬಿಟ್ಟ ಗುರುತುಗಳು. ಬೇಗ ಚಿಗುರಿದ ಮತ್ತು ತಡವಾಗಿ ಚಿಗುರಿದ ಮರಗಳನ್ನು ಆರಿಸಿ, ಒಂದೊಂದರಲ್ಲೂ ಆಯ್ಕೆಗೆ ಇಷ್ಟಾನಿಷ್ಟ ಬೆರೆಯದಂತೆ ನೂರು ಎಲೆಗಳನ್ನು ನೋಡಿ, ಗುರುತುಳ್ಳವು ಎಷ್ಟೆಂದು ಬರೆದು, ಜೂನ್ ಜುಲೈ ತಿಂಗಳಲ್ಲಿ ಮತ್ತೆ ಎಣಿಸಿದರೆ ಮಕ್ಕಳ ಕೈಯಲ್ಲಿ ಹೋಲಿಕೆಗೆ ಯೋಗ್ಯವಾದ ಅಂಕಿಗಳಿರುತ್ತವೆ. ಎದ್ದು ಕಾಣುವ, ಹಾನಿಗೊಂಡ ಎಲೆಗಳನ್ನೇ ಎಣಿಸಿದರೆ ಫಲಿತಾಂಶ ಒಂದೆಡೆಗೆ ವಾಲುತ್ತದೆ ಎಂಬುದು ಮಾದರಿ ಆಯ್ಕೆಯ ಮೊದಲ ಪಾಠ. ಒಂದೇ ಮರವನ್ನು ಎರಡು ತಂಡಗಳು ಪ್ರತ್ಯೇಕವಾಗಿ ಎಣಿಸಿದಾಗ ಅಂಕಿಗಳು ಬೇರೆಯಾಗುವುದು ಎರಡನೆಯ ಪಾಠ.

ಕೆರೆಯೊಂದರ ಅಧ್ಯಯನ

ಕರ್ನಾಟಕದ ಗ್ರಾಮೀಣ ಭೂದೃಶ್ಯದಲ್ಲಿ ಇಂತಹ ಅಧ್ಯಯನಕ್ಕೆ ಕೆರೆಗಿಂತ ಸೂಕ್ತವಾದ ಸ್ಥಳ ವಿರಳ. ನೀರು ಹರಿದು ಬರುವ ಜಲಾನಯನ ಪ್ರದೇಶ, ನೀರನ್ನು ತಡೆದು ನಿಲ್ಲಿಸುವ ಏರಿ, ಗದ್ದೆಗೆ ನೀರು ಬಿಡುವ ತೂಬು, ಹೆಚ್ಚಾದ ನೀರು ಹೊರಹರಿದು ಕೆಳಗಿನ ಕೆರೆಯತ್ತ ಸಾಗುವ ಕೋಡಿ, ನೀರಿನ ಹಂಚಿಕೆಯನ್ನು ನೋಡಿಕೊಳ್ಳುತ್ತಿದ್ದ ನೀರುಗಂಟಿ, ಇವೆಲ್ಲವೂ ಸೇರಿ ಕೆರೆಯು ಪ್ರಕೃತಿಯೂ ಮನುಷ್ಯರ ವ್ಯವಸ್ಥೆಯೂ ಒಂದೆಡೆ ಕಲೆತ ರಚನೆಯಾಗಿದೆ. ಮಳೆಗಾಲದಲ್ಲಿ ನೀರಿನ ಅಡಿಯಲ್ಲಿರುವ ಅಂಗಳವು ಬೇಸಿಗೆಯಲ್ಲಿ ಬಹುಪಾಲು ತೆರೆದುಕೊಳ್ಳುವುದರಿಂದ, ಅಂಚಿನಿಂದ ಒಳಕ್ಕೆ ಸಾಗುತ್ತ ನೆಲದ ಸ್ವರೂಪವನ್ನು ಅರಿಯಲು ಇದೇ ತಕ್ಕ ಕಾಲ.

ಎಂಟು ಹತ್ತು ದಿನಗಳ ಕಾರ್ಯಕ್ರಮದ ಮೊದಲ ಕೆಲಸ ನಕ್ಷೆ ಬರೆಯುವುದು. ಹೆಜ್ಜೆಗಳನ್ನು ಎಣಿಸಿ, ತಮ್ಮ ಹೆಜ್ಜೆಯ ಸರಾಸರಿ ಉದ್ದದಿಂದ ಗುಣಿಸಿ, ದಿಕ್ಸೂಚಿಯ ನೆರವಿನಿಂದ ಕೆರೆಯ ಆಕಾರವನ್ನು ಕಾಗದಕ್ಕೆ ಇಳಿಸುವ ಮಕ್ಕಳಿಗೆ ಒತ್ತುವರಿ ಎಲ್ಲಿದೆ, ಕಾಲುವೆ ಎಲ್ಲಿ ಮುಚ್ಚಿದೆ ಎಂಬುದೂ ಗೋಚರಿಸುತ್ತದೆ. ಅನಂತರ ಏರಿಯ ಬುಡದಿಂದ ಉಳಿದ ನೀರಿನ ಅಂಚಿನವರೆಗೆ ಹಗ್ಗವೊಂದನ್ನು ನೇರವಾಗಿ ಹಾಸಿ, ಹತ್ತು ಹೆಜ್ಜೆಗೊಮ್ಮೆ ಒಂದು ಮೀಟರ್ ಅಗಲ ಉದ್ದದ ಚೌಕವನ್ನು ಗುರುತಿಸಿ, ಅದರೊಳಗಿನ ಗಿಡಗಳ ಬಗೆ ಮತ್ತು ಸಂಖ್ಯೆಯನ್ನು ಬರೆಯಬೇಕು. ನೀರಿಗೆ ಹತ್ತಿರವಾದಂತೆ ಗಿಡಗಳು ಹೇಗೆ ಬದಲಾಗುತ್ತವೆ, ಬಳ್ಳಾರಿ ಜಾಲಿ ಎಷ್ಟು ಆವರಿಸಿದೆ ಎಂಬ ಪ್ರಶ್ನೆಗಳಿಗೆ ಈ ಸಾಲು ಉತ್ತರ ನೀಡುತ್ತದೆ. ಚೌಕಗಳಿಂದ ತಂದ ಮಣ್ಣನ್ನು ಗಾಜಿನ ಬಾಟಲಿಯಲ್ಲಿ ನೀರಿನೊಂದಿಗೆ ಕುಲುಕಿ ಇಟ್ಟರೆ ಮರಳು ನಿಮಿಷದೊಳಗೆ ತಳ ಸೇರುತ್ತದೆ, ಅದಕ್ಕಿಂತ ನುಣುಪಾದ ಗೋಡು ಗಂಟೆಗಳಲ್ಲಿ ಇಳಿಯುತ್ತದೆ, ಜೇಡಿಯ ಅತಿಸೂಕ್ಷ್ಮ ಕಣಗಳು ಒಂದೆರಡು ದಿನವಾದರೂ ನೀರಿನಲ್ಲಿ ತೇಲುತ್ತಿರುತ್ತವೆ; ಪದರಗಳ ದಪ್ಪವನ್ನು ಅಳೆದರೆ ಮಣ್ಣಿನಲ್ಲಿ ಯಾವುದು ಎಷ್ಟಿದೆಯೆಂಬ ಅಂದಾಜು ದೊರೆಯುತ್ತದೆ. ಕೆರೆಯ ಹೂಳನ್ನು ರೈತರು ಹೊಲಕ್ಕೆ ಏಕೆ ಹೊಡೆಯುತ್ತಾರೆಂಬುದು ಇಲ್ಲಿ ಅರ್ಥವಾಗುತ್ತದೆ.

ನೀರಿನ ತಿಳಿತನವನ್ನು ಅಳೆಯುವ ಸರಳ ವಿಧಾನವನ್ನು ಇಟಲಿಯ ಆಂಜೆಲೊ ಸೆಕ್ಕಿ 1865ರಲ್ಲಿ ರೂಪಿಸಿದರು: ಬಿಲ್ಲೆಯೊಂದನ್ನು ದಾರಕ್ಕೆ ಕಟ್ಟಿ ನೀರಿಗಿಳಿಸಿ, ಅದು ಕಣ್ಮರೆಯಾಗುವ ಆಳವನ್ನು ಬರೆಯುವುದು. ಮಕ್ಕಳು ಆಳಕ್ಕೆ ಇಳಿಯಬಾರದ ಕಾರಣ, ತಳದಲ್ಲಿ ಕಪ್ಪು ಬಿಳಿ ಗುರುತು ಅಂಟಿಸಿದ ಪಾರದರ್ಶಕ ಕೊಳವೆಗೆ ನೀರು ಸುರಿಯುತ್ತ, ಮೇಲಿನಿಂದ ನೋಡಿದಾಗ ಗುರುತು ಕಾಣದಂತಾಗುವ ಎತ್ತರವನ್ನು ಅಳೆದರೂ ಅದೇ ತತ್ತ್ವ ನೆರವೇರುತ್ತದೆ. ಅಂಚಿನ ಕೆಸರನ್ನು ಬಿಳಿಯ ತಟ್ಟೆಯಲ್ಲಿ ಹರಡಿ ನೋಡಿದರೆ ಏರೋಪ್ಲೇನ್ ಚಿಟ್ಟೆಯ ಮರಿಗಳು, ಬಸವನಹುಳುಗಳು, ಕೆಲವೊಮ್ಮೆ ಕೆಂಪು ಬಣ್ಣದ ಸಣ್ಣ ಹುಳುಗಳು ಕಾಣಸಿಗುತ್ತವೆ. ಕೆಂಪು ಹುಳುಗಳು ಕಚ್ಚದ ಒಂದು ಜಾತಿಯ ನೊಣದ ಮರಿಗಳು. ಮನುಷ್ಯರ ರಕ್ತದಲ್ಲಿರುವಂತೆ ಅವುಗಳ ದೇಹದಲ್ಲಿಯೂ ಹಿಮೋಗ್ಲೋಬಿನ್ ಇರುವುದರಿಂದ ಆಮ್ಲಜನಕ ತೀರ ಕಡಿಮೆಯಿರುವ ಕೆಸರಿನಲ್ಲೂ ಅವು ಬದುಕುತ್ತವೆ. ಉಳಿದ ಜೀವಿಗಳು ಮಾಯವಾಗಿ ಅವು ಮಾತ್ರ ಹೇರಳವಾಗಿದ್ದರೆ ಚರಂಡಿ ನೀರು ಸೇರುತ್ತಿರುವ ಸಂಭವವಿದೆ. ಹೀಗೆ ನೀರಿನ ಸ್ಥಿತಿಯನ್ನು ತಮ್ಮ ಇರುವಿಕೆಯಿಂದಲೇ ತಿಳಿಸುವ ಜೀವಿಗಳನ್ನು ಸೂಚಕ ಜೀವಿಗಳೆಂದು ಕರೆಯುತ್ತಾರೆ.

ಬೇಸಿಗೆಯ ಮಧ್ಯೆ ಬೀಳುವ ಮುಂಗಾರುಪೂರ್ವ ಮಳೆಯೂ ಅಧ್ಯಯನದ ಭಾಗ. ರೈತರು ಮಳೆಗಳನ್ನು ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ನಕ್ಷತ್ರಗಳ ಹೆಸರಿನಿಂದ ಗುರುತಿಸುತ್ತಾರೆ. ಸೂರ್ಯನು ವರ್ಷದಲ್ಲಿ ಇಪ್ಪತ್ತೇಳು ನಕ್ಷತ್ರಗಳನ್ನು ದಾಟುತ್ತಾನೆಂಬ ಲೆಕ್ಕದಲ್ಲಿ ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ ಸಲ್ಲುತ್ತದೆ. ನೇರ ಬದಿಯ ಪಾತ್ರೆಯೊಂದನ್ನು ಬಯಲಿನಲ್ಲಿಟ್ಟು ಬಿದ್ದ ಮಳೆಯನ್ನು ಮಿಲಿಮೀಟರಿನಲ್ಲಿ ಅಳೆದು, ಯಾವ ನಕ್ಷತ್ರದಲ್ಲಿ ಎಷ್ಟು ಎಂದು ಬರೆದರೆ ಹಿರಿಯರ ಪಂಚಾಂಗವೂ ಹವಾಮಾನ ವಿಜ್ಞಾನವೂ ಒಂದೇ ಪುಟದಲ್ಲಿ ಸೇರುತ್ತವೆ. ಒಂದು ಚದರ ಮೀಟರಿನ ಮೇಲೆ ಬಿದ್ದ ಒಂದು ಮಿಲಿಮೀಟರ್ ಮಳೆ ಒಂದು ಲೀಟರ್ ನೀರಿಗೆ ಸಮ. ಹಾಗಾದರೆ ಒಂದು ಹೆಕ್ಟೇರಿನ ಮೇಲೆ 10 ಮಿಲಿಮೀಟರ್ ಮಳೆ ಎಂದರೆ 1,00,000 ಲೀಟರ್. ಅಷ್ಟು ನೀರಿನಲ್ಲಿ ಕೆರೆಗೆ ಬಂದದ್ದೆಷ್ಟು, ನೆಲಕ್ಕೆ ಇಂಗಿದ್ದೆಷ್ಟು, ಆವಿಯಾದದ್ದೆಷ್ಟು ಎಂಬ ಚರ್ಚೆ ಅಲ್ಲಿಂದ ಆರಂಭವಾಗುತ್ತದೆ. ಇದರ ಜೊತೆಗೆ ಊರಿನ ಹಿರಿಯರನ್ನು, ಕುರಿ ಕಾಯುವವರನ್ನು, ಮೀನು ಹಿಡಿಯುವವರನ್ನು ಭೇಟಿಯಾಗಿ, ಕೆರೆ ಕೋಡಿ ಬಿದ್ದ ವರ್ಷಗಳು, ಈಗ ಕಾಣದಾದ ಮೀನುಗಳು, ಹಿಂದಿನ ನೀರು ಹಂಚಿಕೆಯ ನಿಯಮಗಳನ್ನು ಕೇಳಿ ಬರೆದುಕೊಳ್ಳಬೇಕು, ಏಕೆಂದರೆ ಅಳತೆಪಟ್ಟಿ ಹೇಳಲಾರದ ಇತಿಹಾಸ ಅವರ ನೆನಪಿನಲ್ಲಿದೆ.

ಎಚ್ಚರ ಮತ್ತು ಸಂಯಮ

ಬೇಸಿಗೆಯ ಅಧ್ಯಯನಕ್ಕೆ ತನ್ನದೇ ಅಪಾಯಗಳಿದ್ದು, ಅವುಗಳನ್ನು ಅರಿತು ಯೋಜಿಸುವುದು ಸಂಘಟಕರ ಮೊದಲ ಕರ್ತವ್ಯ. ಹೊರಗಿನ ಕೆಲಸವನ್ನು ಬೆಳಿಗ್ಗೆ ಹತ್ತರೊಳಗೆ ಮತ್ತು ಸಂಜೆ ನಾಲ್ಕರ ನಂತರ ಇಟ್ಟುಕೊಂಡು, ನಡುಹಗಲನ್ನು ನೆರಳಿನಲ್ಲಿ ಕುಳಿತು ಅಂಕಿಗಳನ್ನು ಕ್ರಮಪಡಿಸಲು, ಚಿತ್ರ ಬರೆಯಲು ಬಳಸಬೇಕು. ಕುಡಿಯುವ ನೀರು, ಟೋಪಿ, ಪೂರ್ಣ ತೋಳಿನ ಉಡುಪು ಕಡ್ಡಾಯವಾಗಬೇಕು. ಏಪ್ರಿಲ್ ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಸಿಡಿಲಿನ ಮಳೆ ಸಾಮಾನ್ಯವಾದ್ದರಿಂದ, ಮೋಡ ಕಟ್ಟಿದ ಕೂಡಲೇ ಬಯಲು ಮತ್ತು ಒಂಟಿ ಮರಗಳನ್ನು ಬಿಟ್ಟು ಕಟ್ಟಡದೊಳಗೆ ಸೇರುವ ನಿಯಮಕ್ಕೆ ವಿನಾಯಿತಿ ಇರಬಾರದು. ಮಲೆನಾಡಿನಲ್ಲಿ ಇನ್ನೊಂದು ಅಪಾಯವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲ ಬಾರಿಗೆ ಪತ್ತೆಯಾದ ಮಂಗನ ಕಾಯಿಲೆಯು ಕಾಡಿನ ಉಣುಗುಗಳ ಕಡಿತದಿಂದ ಹರಡುತ್ತದೆ ಮತ್ತು ಚಳಿಗಾಲದಿಂದ ಬೇಸಿಗೆಯ ಕೊನೆಯವರೆಗಿನ ಒಣ ತಿಂಗಳುಗಳೇ ಅದರ ಕಾಲ. ಆದ್ದರಿಂದ ಕಾಯಿಲೆ ಕಾಣಿಸಿಕೊಂಡಿರುವ ಪ್ರದೇಶಗಳಲ್ಲಿ ರಜೆಯ ಶಿಬಿರವನ್ನು ಕಾಡಿನೊಳಗೆ ನಡೆಸುವುದು ಸಲ್ಲದು. ಅಲ್ಲಿ ಶಾಲೆಯ ಆವರಣ, ಊರಿನ ಕೆರೆ, ತೆರೆದ ಬಯಲುಗಳಿಗೆ ಅಧ್ಯಯನವನ್ನು ಸೀಮಿತಗೊಳಿಸಿ, ಆರೋಗ್ಯ ಇಲಾಖೆಯ ಸಲಹೆ ಪಡೆದೇ ಮುಂದುವರಿಯಬೇಕು.

ಜೀವಿಗಳ ಕಡೆಗಿನ ಸಂಯಮವೂ ಇಷ್ಟೇ ಮುಖ್ಯ. ಒಣಗಿದ ಕೆರೆಯಂಗಳದ ಬೆಣಚುಕಲ್ಲುಗಳ ನಡುವೆ ಟಿಟ್ಟಿಭ ಹಕ್ಕಿಯು ಗೂಡು ಕಟ್ಟದೆ, ನೆಲದ ಬಣ್ಣಕ್ಕೆ ಹೊಂದುವ ಮೊಟ್ಟೆಗಳನ್ನಿಡುವುದು ಈ ತಿಂಗಳುಗಳಲ್ಲಿಯೇ. ಹಕ್ಕಿ ಕೂಗುತ್ತ ತಲೆಯ ಮೇಲೆ ಸುತ್ತತೊಡಗಿದರೆ ಹಿಂದೆ ಸರಿಯಬೇಕೆಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಸಂರಕ್ಷಿತ ಪ್ರಾಣಿಪಕ್ಷಿಗಳನ್ನು ಹಿಡಿಯುವುದನ್ನೂ ಅವುಗಳ ಮೊಟ್ಟೆಗಳನ್ನು ತೆಗೆಯುವುದನ್ನೂ ನಿಷೇಧಿಸುತ್ತದೆ. ಕೆಸರಿನ ತಟ್ಟೆಯ ಜೀವಿಗಳನ್ನು ನೋಡಿ, ಎಣಿಸಿ, ಚಿತ್ರ ಬರೆದು ಅದೇ ನೀರಿಗೆ ಮರಳಿಸಬೇಕು. ಅಳೆಯುವ ಆತುರದಲ್ಲಿ ಅಳೆಯಬೇಕಾದುದನ್ನೇ ಹಾಳು ಮಾಡಬಾರದೆಂಬ ವಿವೇಕವು ವಿಜ್ಞಾನದ ಶಿಸ್ತಿನಿಂದ ಬೇರ್ಪಡಿಸಲಾಗದ ಭಾಗ.

ದಾಖಲೆಯ ಬಾಳಿಕೆ

ಒಂದು ಬೇಸಿಗೆಯ ಅಂಕಿಗಳು ಒಂದು ಸ್ಥಿತಿಯನ್ನು ಮಾತ್ರ ಹೇಳುತ್ತವೆ. ಬದಲಾವಣೆಯನ್ನು ಹೇಳಬೇಕಾದರೆ ಅದೇ ಸ್ಥಳದಲ್ಲಿ, ಅದೇ ಕ್ರಮದಲ್ಲಿ, ವರ್ಷ ವರ್ಷ ಬರೆದ ಅಂಕಿಗಳು ಬೇಕು. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಶಮ್ ಎಂಬುವರು 1736ರಲ್ಲಿ ವಸಂತದ ಮೊದಲ ಚಿಗುರು, ಮೊದಲ ಹೂವು, ಮೊದಲ ಹಕ್ಕಿಯ ಕೂಗುಗಳ ದಿನಾಂಕಗಳನ್ನು ಬರೆದಿಡಲು ಆರಂಭಿಸಿದರು. ಅವರ ವಂಶದವರು ಇಪ್ಪತ್ತನೆಯ ಶತಮಾನದವರೆಗೆ ಮುಂದುವರಿಸಿದ ಆ ದಾಖಲೆಯು ಇಂದು ಹವಾಮಾನ ಬದಲಾವಣೆಯ ಅಧ್ಯಯನಕ್ಕೆ ಅಮೂಲ್ಯ ಆಧಾರವಾಗಿದೆ. ಋತುಗಳಿಗೆ ಅನುಗುಣವಾಗಿ ಜೀವಿಗಳಲ್ಲಿ ಕಾಣುವ ಇಂತಹ ಬದಲಾವಣೆಗಳ ಅಧ್ಯಯನಕ್ಕೆ ಫಿನಾಲಜಿ ಎಂದು ಹೆಸರು. ಭಾರತದಲ್ಲಿ 2010ರಲ್ಲಿ ಆರಂಭವಾದ ಸೀಸನ್‌ವಾಚ್ ಯೋಜನೆಯು ಇದೇ ಕೆಲಸವನ್ನು ಸಾರ್ವಜನಿಕರಿಗೆ, ವಿಶೇಷವಾಗಿ ಶಾಲಾಮಕ್ಕಳಿಗೆ ಒಪ್ಪಿಸಿದೆ: ಒಂದು ಮರವನ್ನು ಆರಿಸಿಕೊಂಡು, ವಾರಕ್ಕೊಮ್ಮೆ ಅದರ ಚಿಗುರು, ಬಲಿತ ಎಲೆ, ಮೊಗ್ಗು, ಹೂ, ಕಾಯಿ, ಹಣ್ಣುಗಳು ಇಲ್ಲವೋ, ಕೆಲವೋ, ಹಲವೋ ಎಂದು ದಾಖಲಿಸಿದರೆ ಸಾಕು. ಕಕ್ಕೆಯ ಹೂ ಹಿಂದಿಗಿಂತ ಬೇಗ ಅರಳುತ್ತಿದೆಯೇ ಎಂಬ ಮಾತು ಊರೂರಿನಲ್ಲಿ ಕೇಳಿಬರುತ್ತದೆ. ಅದನ್ನು ಊರಿನ ಮಟ್ಟದಲ್ಲಿ ತೀರ್ಮಾನಿಸಬಲ್ಲದ್ದು ಇಂತಹ ದಾಖಲೆಯೇ ಹೊರತು ಯಾರೊಬ್ಬರ ಜ್ಞಾಪಕವಲ್ಲ.

ಮಕ್ಕಳ ದಾಖಲೆಗೆ ಕಾನೂನಿನ ಚೌಕಟ್ಟಿನಲ್ಲಿಯೂ ಸ್ಥಾನವಿದೆ. 2002ರ ಜೈವಿಕ ವೈವಿಧ್ಯ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ರಚನೆಯಾಗಬೇಕು, ಅವು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಇಂತಹ ದಾಖಲಾತಿಯ ಕಲ್ಪನೆಯನ್ನು ಬೆಳೆಸಿದವರಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಪ್ರಮುಖರು. ಅದನ್ನು ಒಮ್ಮೆ ಬರೆದು ಕಡತಕ್ಕೆ ಸೇರಿಸಿದರೆ ಉದ್ದೇಶ ಈಡೇರದು, ವರ್ಷ ವರ್ಷ ಪರಿಷ್ಕರಣೆಯಾಗುತ್ತಿದ್ದರೆ ಮಾತ್ರ ಅದಕ್ಕೆ ಬೆಲೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿ ರೂಪುಗೊಂಡು ಮಕ್ಕಳ ಬೇಸಿಗೆ ಶಿಬಿರಗಳನ್ನೂ ನಡೆಸುತ್ತಿರುವುದರಿಂದ, ಪ್ರತಿ ಕೇಂದ್ರದಲ್ಲಿ ಊರಿನ ಕೆರೆ ಮತ್ತು ಮರಗಳ ಒಂದು ದಪ್ಪ ದಾಖಲೆ ಪುಸ್ತಕವನ್ನು ಇಡುವುದು ಕಷ್ಟದ ಮಾತಲ್ಲ. ಅಳತೆಯ ಸ್ಥಳಗಳು, ವಿಧಾನ, ದಿನಾಂಕ, ಅಳೆದವರ ಹೆಸರುಗಳು ಮತ್ತು ಸಂದೇಹಗಳನ್ನು ಅದರಲ್ಲಿ ಬರೆದಿಟ್ಟರೆ, ಮುಂದಿನ ವರ್ಷದ ಏಳನೆಯ ತರಗತಿಯವರು ಅಲ್ಲಿಂದಲೇ ಮುಂದುವರಿಸುತ್ತಾರೆ. ಅಳತೆಪಟ್ಟಿ, ಹಗ್ಗ, ಉಷ್ಣಮಾಪಕ, ಬಾಟಲಿಗಳ ಖರ್ಚು ಅತ್ಯಲ್ಪ. ನಿಜವಾಗಿ ಬೇಕಾಗಿರುವುದು ಮರಗಿಡಗಳ ಹೆಸರು ಬಲ್ಲ, ತಮಗೆ ಗೊತ್ತಿಲ್ಲದ್ದನ್ನು ಮಕ್ಕಳೊಂದಿಗೆ ಹುಡುಕಲು ಸಿದ್ಧರಿರುವ ಶಿಕ್ಷಕರ ತರಬೇತಿ, ಅದಕ್ಕೆ ಇಲಾಖೆಗಳು ಹಣ ಮತ್ತು ಸಮಯ ಎರಡನ್ನೂ ಮೀಸಲಿಡಬೇಕು.

ಹತ್ತು ಬೇಸಿಗೆಗಳ ಕಾಲ ಹೀಗೆ ತುಂಬಿದ ಪುಸ್ತಕವೊಂದು ಊರಿನಲ್ಲಿದ್ದರೆ, ಕೆರೆಯ ಹೂಳೆತ್ತುವ, ಕಾಲುವೆ ತಿರುಗಿಸುವ, ತೋಪು ಕಡಿಯುವ ಪ್ರಸ್ತಾವಗಳು ಗ್ರಾಮಸಭೆಯ ಮುಂದೆ ಬಂದಾಗ ಊರಿನವರ ಬಳಿ ತಮ್ಮದೇ ಆದ ಅಂಕಿಗಳಿರುತ್ತವೆ. ಅವುಗಳನ್ನು ಬರೆದ ಮಕ್ಕಳಲ್ಲಿ ಹಲವರು ಅಷ್ಟರಲ್ಲಿ ಮತದಾರರಾಗಿ ಅದೇ ಸಭೆಯಲ್ಲಿ ಕುಳಿತಿರುತ್ತಾರೆ. ಅಳತೆ ಹೇಗಾಯಿತು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ವಿವರಿಸಲು ಅವರಿಗೆ ಹೊರಗಿನ ತಜ್ಞರು ಬೇಕಾಗುವುದಿಲ್ಲ. ಪರಿಸರ ಶಿಕ್ಷಣದ ಗುರಿಗಳಲ್ಲಿ ಕೊನೆಯದಾಗಿ ಹೆಸರಿಸಲಾದ ಪಾಲ್ಗೊಳ್ಳುವಿಕೆ ಅಲ್ಲಿ ಕಾರ್ಯರೂಪಕ್ಕೆ ಬರುತ್ತದೆ, ಮತ್ತು ಅದಕ್ಕೆ ಬೇಕಾದ ತಯಾರಿ ಹದಿಮೂರನೆಯ ವಯಸ್ಸಿನ ಒಂದು ಬೇಸಿಗೆ ರಜೆಯಲ್ಲಿಯೇ ಆರಂಭವಾಗಬಹುದು.